ಕಲ್ಯಾಣದಲ್ಲಿ ಕರೆಂಟ್ ಗಾಡಿ: ದಿಲ್ಲಿಯ ತೆರಿಗೆ, ಮನೆಯ ಮೀಟರ್

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಅವತ್ತಿನಿಂದ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಸಣ್ಣ ಪೆಟ್ರೋಲ್ ಕಾರಿನ ಮೇಲಿದ್ದ ಶೇ 28ರ ತೆರಿಗೆ, ಅದರ ಮೇಲಿನ ಶೇ 1ರ ಸೆಸ್ ಎರಡೂ ಹೋಗಿ ಬರೀ ಶೇ 18 ಉಳಿಯಿತು. ಬಸವಕಲ್ಯಾಣದ ಒಬ್ಬ ನಿವೃತ್ತ ಮೇಷ್ಟ್ರು ಆ ಹೊತ್ತಿಗಾಗಲೇ ಎಲೆಕ್ಟ್ರಿಕ್ ಕಾರಿಗೆ ಮುಂಗಡ ಕೊಟ್ಟು ಕೂತಿದ್ದರು. ಚಹಾದಂಗಡಿಯ ಮುಂದೆ ಕಂಡವರೆಲ್ಲ ಕೇಳುವುದು ಒಂದೇ: "ಏನ್ರೀ ಸರ್, ನಿಮ್ಮ ಗಾಡಿಗೂ ರೇಟ್ ಇಳೀತಂತಲ್ಲ?" ಅವರ ಉತ್ತರ: "ನಂದು ಇಳೀಲಿಲ್ಲಪ್ಪ, ಬಾಜೂದವರದು ಇಳೀತು."

ಇಡೀ ವಿಷಯ ಆ ಒಂದು ಮಾತಿನಲ್ಲಿದೆ. ಎಲೆಕ್ಟ್ರಿಕ್ ಕಾರಿನ ಜಿಎಸ್‌ಟಿ 2019ರ ಆಗಸ್ಟ್ 1ರಂದೇ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು. ಅದಕ್ಕಿಂತ ಕೆಳಗೆ ಇಳಿಸಲು ಹೆಚ್ಚೇನೂ ಉಳಿದಿರಲಿಲ್ಲ. ಹಾಗಾಗಿ ಸೆಪ್ಟೆಂಬರ್ 22ರಂದು ಅದರ ದರ ಇದ್ದಲ್ಲೇ ನಿಂತಿತು, ಪಕ್ಕದ ಪೆಟ್ರೋಲ್ ಕಾರು ಅಗ್ಗವಾಯಿತು. ಎರಡರ ನಡುವೆ ತೆರಿಗೆಯಲ್ಲಿದ್ದ 24 ಅಂಶಗಳ ಅಂತರ 13ಕ್ಕೆ ಕುಸಿಯಿತು. ಟಾಟಾ ಕಂಪನಿ ತನ್ನ ಟಿಯಾಗೊ ಬೆಲೆಯನ್ನು ಗರಿಷ್ಠ ₹75 ಸಾವಿರದವರೆಗೆ, ನೆಕ್ಸಾನ್ ಬೆಲೆಯನ್ನು ₹1.55 ಲಕ್ಷದವರೆಗೆ ಇಳಿಸುವುದಾಗಿ ಪ್ರಕಟಿಸಿತು. ಅದೇ ಕಂಪನಿಯ ಟಿಯಾಗೊ ಇವಿ, ನೆಕ್ಸಾನ್ ಇವಿಗಳಿಗೆ ಈ ಇಳಿಕೆ ತಟ್ಟಲಿಲ್ಲ.

ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ ಬದಲಾವಣೆ ಮನೆಯ ಲೆಕ್ಕದಲ್ಲಿ ಎಷ್ಟಾಗುತ್ತದೆ ನೋಡೋಣ. ಶೋರೂಮಿನಲ್ಲಿ ಈಗ ₹6.5 ಲಕ್ಷಕ್ಕೆ ಸಿಗುವ ಒಂದು ಪೆಟ್ರೋಲ್ ಕಾರು ಇದೆ ಎಂದುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 14, ಅದರ ಮೇಲೆ ಶೇ 11ರ ಸೆಸ್. ಎರಡೂ ಸೇರಿ ಸುಮಾರು ₹1.01 ಲಕ್ಷ. ವಿಮೆ ಬಿಟ್ಟು ₹7.51 ಲಕ್ಷವಾಯಿತು. ಇದೇ ಕಾರು ಹಳೆಯ ಜಿಎಸ್‌ಟಿಯಲ್ಲಿ ₹7.1 ಲಕ್ಷದ ಆಜುಬಾಜು ಇರುತ್ತಿತ್ತು, ರಸ್ತೆಗಿಳಿಯುವಾಗ ₹8.2 ಲಕ್ಷ. ಆ ಹೊತ್ತಿಗೆ ಆಜೀವ ತೆರಿಗೆ ಕಟ್ಟಬೇಕಿಲ್ಲದಿದ್ದ ₹8.5 ಲಕ್ಷದ ಎಲೆಕ್ಟ್ರಿಕ್ ಕಾರನ್ನು ಇದರ ಪಕ್ಕ ಇಡಿ. ಮೊದಲು ಅಂತರ ₹30 ಸಾವಿರ. ಆಮೇಲೆ ಒಂದು ಲಕ್ಷ. ರಾತ್ರೋರಾತ್ರಿ ₹70 ಸಾವಿರದ ವ್ಯತ್ಯಾಸ ಬಿತ್ತು, ಎಲೆಕ್ಟ್ರಿಕ್ ಕಾರಿನ ಬೆಲೆ ಒಂದು ರೂಪಾಯಿಯೂ ಏರದೆ.

ಅಮೆರಿಕದ ವಾಟ್ಸ್ಆ್ಯಪ್

ಈ ಭಾಗದ ಬಹಳ ಮನೆಗಳ ಒಬ್ಬ ಮಗನೋ ಅಳಿಯನೋ ಅಮೆರಿಕದಲ್ಲಿರುತ್ತಾನೆ. ಅಲ್ಲಿಂದ ಬರುವ ಸುದ್ದಿ ಇಲ್ಲಿಯ ಲೆಕ್ಕವನ್ನು ಇನ್ನಷ್ಟು ಗೋಜಲು ಮಾಡುತ್ತದೆ. ಹೊಸ ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಆ ದೇಶದ ಕೇಂದ್ರ ಸರ್ಕಾರ ಆದಾಯ ತೆರಿಗೆಯಲ್ಲಿ 7,500 ಡಾಲರ್‌ವರೆಗೆ ಬಿಟ್ಟುಕೊಡುತ್ತಿತ್ತು. 2024ರಿಂದ ಆ ಮೊತ್ತವನ್ನು ಶೋರೂಮಿನಲ್ಲೇ ಬೆಲೆಯಿಂದ ಕಳೆದು ಕೊಡುವ ಸೌಲಭ್ಯವೂ ಬಂತು. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯ್ದೆ ಇದನ್ನು ಸೆಪ್ಟೆಂಬರ್ 30ಕ್ಕೆ ಮುಗಿಸಿತು. ಕೊನೆಯ ವಾರಗಳಲ್ಲಿ ಅಲ್ಲಿ ಶೋರೂಮುಗಳ ಮುಂದೆ ನೂಕುನುಗ್ಗಲು. ಅಂದರೆ ಅಲ್ಲಿ ರಿಯಾಯಿತಿ ನಿಂತಿದ್ದಕ್ಕೂ ಇಲ್ಲಿ ಪೆಟ್ರೋಲ್ ಕಾರು ಅಗ್ಗವಾಗಿದ್ದಕ್ಕೂ ಎಂಟೇ ದಿನಗಳ ಅಂತರ. ಎರಡೂ ದೇಶಗಳಲ್ಲಿ ಪೆಟ್ಟು ಬಿದ್ದದ್ದು ಎಲೆಕ್ಟ್ರಿಕ್ ಕಾರಿಗೇ.

ಮಗ ಕಳಿಸಿದ ಸಂದೇಶ ಓದಿದ ಅಪ್ಪ ಇಲ್ಲಿ ಶೋರೂಮಿನ ಹುಡುಗನನ್ನು ಕೇಳುತ್ತಾರೆ: "ನಮ್ಮಲ್ಲಿ ಸರ್ಕಾರ ಎಷ್ಟು ಕೊಡ್ತದ?" ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಕೊಡುವಂಥದ್ದು ನಿಜಕ್ಕೂ ಏನೂ ಇಲ್ಲ. ಕೇಂದ್ರದ ಫೇಮ್ ಯೋಜನೆಯ ಎರಡನೇ ಹಂತ 2019ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನಡೆಯಿತು. ಅದರಲ್ಲಿ ಸ್ಕೂಟರಿಗೆ, ಆಟೊಗೆ, ಬಸ್ಸಿಗೆ ಸಬ್ಸಿಡಿ ಇತ್ತು. ಕಾರಿಗೂ ಇತ್ತು, ಆದರೆ ಬಾಡಿಗೆಗೆ ಓಡುವ ಕಾರಿಗೆ ಮಾತ್ರ. ಮನೆಮಂದಿ ಓಡಾಡುವ ಕಾರಿಗೆ ಆ ಬಾಗಿಲು ಮುಚ್ಚಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ₹10,900 ಕೋಟಿಯ ಪಿಎಂ ಇ-ಡ್ರೈವ್ ಯೋಜನೆಯೂ ಕಾರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಆದಾಯ ತೆರಿಗೆಯಲ್ಲಿ ಒಂದು ಸಣ್ಣ ಕಿಟಕಿ ಇತ್ತು. 80ಇಇಬಿ ಕಲಂ. ಎಲೆಕ್ಟ್ರಿಕ್ ವಾಹನಕ್ಕೆ ಮಾಡಿದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ ₹1.5 ಲಕ್ಷದವರೆಗೆ ಆದಾಯದಿಂದ ಕಳೆಯಬಹುದಿತ್ತು. ಸಾಲ ಮಂಜೂರಾಗಬೇಕಿದ್ದುದು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ. ಆ ಅವಧಿಯಲ್ಲಿ ಸಾಲ ಮಾಡಿ, ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದ ನೌಕರರಿಗೆ ಅದು ಆಮೇಲೂ ದಕ್ಕಿತು. ಹೊಸದಾಗಿ ಕೊಳ್ಳುವವರಿಗಿಲ್ಲ. ಕೆಲವು ಜಾಹೀರಾತುಗಳಲ್ಲಿ ಇನ್ನೂ ಆ ಸಾಲು ಉಳಿದುಕೊಂಡಿರುವುದು ಸೋಮಾರಿತನವೋ ಜಾಣತನವೋ, ನೀವೇ ಹೇಳಬೇಕು. ತೊಗರಿ, ಸೋಯಾ, ಕಬ್ಬು ಬೆಳೆಯುವ ನಮ್ಮ ರೈತರಿಗಂತೂ ಅದು ಇದ್ದಾಗಲೂ ಲೆಕ್ಕಕ್ಕಿರಲಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದಿದ್ದ ಮೇಲೆ ಕಳೆಯುವುದೆಲ್ಲಿಂದ?

ಮೂರು ರಾಜ್ಯಗಳ ಸಂದಿಯಲ್ಲಿ

ಹಾಗಾದರೆ ಉಳಿದದ್ದು ರಾಜ್ಯದ ಆಜೀವ ತೆರಿಗೆ. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು ಮಾರಾಟಕ್ಕೆ ಬಂದಿತ್ತು. ಪೆಟ್ರೋಲ್ ಕಾರಿಗೆ ಬೆಲೆ ನೋಡಿ ಶೇ 13ರಿಂದ 18ರವರೆಗೆ ತೆರಿಗೆ ಹಾಕುವ ಕರ್ನಾಟಕ ಎಲೆಕ್ಟ್ರಿಕ್ ಕಾರಿಗೆ ಪೂರ್ತಿ ಮಾಫಿ ಕೊಟ್ಟಿತ್ತು. ಗ್ರಾಹಕನ ಕೈಗೆ ನಿಜವಾಗಿ ಸಿಕ್ಕ ಸಹಾಯ ಅಂದರೆ ಇದೊಂದೇ. 2024ರ ಮಾರ್ಚ್‌ನಲ್ಲಿ ಇದಕ್ಕೂ ಕತ್ತರಿ ಬಿತ್ತು. ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು ₹25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಆಜೀವ ತೆರಿಗೆ ಹಾಕಿದರು. ಅದರ ಕೆಳಗಿನ ಕಾರುಗಳಿಗೆ ಆ ತಿದ್ದುಪಡಿ ಮಾಫಿಯನ್ನು ಮುಟ್ಟಲಿಲ್ಲ.

ಒಮ್ಮೆ ಎಳೆದ ಗೆರೆ ಅಲ್ಲೇ ಇರುತ್ತದೆಂಬ ಖಾತರಿ ಯಾರೂ ಕೊಟ್ಟಿಲ್ಲ. ಖಜಾನೆಗೆ ಹಣ ಬೇಕಾದಾಗ ಇಂಥ ಗೆರೆಗಳು ಕೆಳಗೇ ಜಾರುತ್ತವೆ. ಆದ್ದರಿಂದ ಶೋರೂಮಿನವರ ಬಾಯಿಮಾತು ನಂಬಬೇಡಿ. ಗಾಡಿ ನೋಂದಣಿಯಾಗುವ ದಿನ ಎಷ್ಟು ತೆರಿಗೆ ಅನ್ನುವುದನ್ನು ಬಸವಕಲ್ಯಾಣದ ಆರ್‌ಟಿಒ ಕಚೇರಿಯಲ್ಲೇ, ಅಂದರೆ ಕೆಎ 56 ಸಂಖ್ಯೆ ಕೊಡುವಲ್ಲೇ, ಕೇಳಿ ತಿಳಿದುಕೊಳ್ಳಿ. ಬುಕಿಂಗ್ ದಿನದ ದರಕ್ಕೆ ಬೆಲೆಯಿಲ್ಲ.

ಗಡಿ ಊರಿನವರಿಗೆ ಇನ್ನೊಂದು ಆಸೆಯೂ ಇರುತ್ತದೆ. ಪುಣೆ–ಸೋಲಾಪುರ–ಹೈದರಾಬಾದ್ ನಡುವಿನ 65ನೇ ರಾಷ್ಟ್ರೀಯ ಹೆದ್ದಾರಿ ಬಸವಕಲ್ಯಾಣ, ಹುಮನಾಬಾದ್ ಎರಡೂ ಊರುಗಳ ಪಕ್ಕದಲ್ಲೇ ಹಾಯುತ್ತದೆ. ಪಶ್ಚಿಮಕ್ಕೆ ಒಂದು ತಾಸು ಹೋದರೆ ಮಹಾರಾಷ್ಟ್ರದ ಉಮರ್ಗಾ, ಹುಮನಾಬಾದಿನಿಂದ ಪೂರ್ವಕ್ಕೆ ಒಂದು ತಾಸು ಹೋದರೆ ತೆಲಂಗಾಣದ ಜಹೀರಾಬಾದ್. ತೆಲಂಗಾಣ ಸರ್ಕಾರ 2024ರ ನವೆಂಬರ್ 18ರಿಂದ 2026ರ ಡಿಸೆಂಬರ್ 31ರವರೆಗೆ ಎಲೆಕ್ಟ್ರಿಕ್ ವಾಹನಗಳ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡನ್ನೂ ಮನ್ನಾ ಮಾಡಿದೆ. "ಹೈದರಾಬಾದಿನಾಗ ನಮ್ಮ ಕಾಕಾನ ಮನಿ ಅದ, ಅಲ್ಲೇ ತಗೊಂಡ್ರ ಆಯ್ತು" ಅನ್ನುವ ಮಾತು ಹೆದ್ದಾರಿಯ ಢಾಬಾಗಳಲ್ಲಿ ಕೇಳಿಬರುತ್ತದೆ. ಆ ಮಾಫಿ ಅಲ್ಲಿ ನೋಂದಣಿಯಾಗುವ ಗಾಡಿಗೆ ಮಾತ್ರ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಓಡಿದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಇಲ್ಲಿಯ ಸಂಖ್ಯೆ ಪಡೆಯಲೇಬೇಕು. ಕಾಕಾನ ವಿಳಾಸ, ನಿರಾಕ್ಷೇಪಣಾ ಪತ್ರ, ಮರುನೋಂದಣಿ ಎಂದು ಓಡಾಡುವ ಖರ್ಚಿನಲ್ಲಿ ಉಳಿತಾಯವೆಲ್ಲ ಕರಗುತ್ತದೆ. ದೊಡ್ಡ ಬೆಲೆಯ ಗಾಡಿ ಕೊಳ್ಳುವವರು ಬೇಕಾದರೆ ಲೆಕ್ಕ ಹಾಕಲಿ, ಸಣ್ಣ ಕಾರಿಗೆ ಈ ಉಸಾಬರಿ ಬೇಡ.

ಗೃಹಜ್ಯೋತಿಯ ಗಂಟು

ಶೋರೂಮಿನ ಕೊಟೇಶನ್ನಿನಲ್ಲಿ ಎಂದೂ ಕಾಣದ, ಆದರೆ ನಮ್ಮ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಲೆಕ್ಕ ಇನ್ನೊಂದಿದೆ. ಅದು ಲೈಟ್ ಬಿಲ್ಲು.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಎಲ್ಲರಿಗೂ ಗೊತ್ತು. ಮನೆಯ 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10, ಇಷ್ಟು ಉಚಿತ. ಮೇಲ್ಮಿತಿ 200 ಯೂನಿಟ್. ತನ್ನ ಪಾಲಿಗಿಂತ ಹೆಚ್ಚು ಬಳಸಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟುಗಳಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಈ ಕೊನೆಯ ಷರತ್ತು ಬರೀ ಫ್ಯಾನು, ಫ್ರಿಜ್ಜು, ಟಿವಿ ಇರುವ ಮನೆಗೆ ತಟ್ಟುವುದೇ ಇಲ್ಲ. ಅಂಗಳಕ್ಕೆ ಎಲೆಕ್ಟ್ರಿಕ್ ಕಾರು ಬಂದ ತಿಂಗಳಿನಿಂದ ತಟ್ಟುತ್ತದೆ.

ಸಣ್ಣ ಎಲೆಕ್ಟ್ರಿಕ್ ಕಾರು ಗೋಡೆಯ ಪ್ಲಗ್ಗಿನಿಂದ ಎಳೆದ ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವನಿಗೆ 140 ಯೂನಿಟ್ ಬೇಕು. ಮನೆಯ ಬಳಕೆ 90 ಇತ್ತು ಅನ್ನಿ. ಕೂಡಿದರೆ 230. ಗೃಹಜ್ಯೋತಿ ಕೈತಪ್ಪಿತು. ಗೃಹಬಳಕೆಯ ದರ 2025–26ಕ್ಕೆ ಯೂನಿಟ್ಟಿಗೆ ₹5.80. ಅದರ ಮೇಲೆ ಪಿಂಚಣಿ ನಿಧಿಯ 36 ಪೈಸೆ, ಶೇ 9ರ ವಿದ್ಯುತ್ ತೆರಿಗೆ, ಮಂಜೂರಾದ ಪ್ರತಿ ಕಿಲೋವಾಟ್‌ಗೆ ನಿಗದಿತ ಶುಲ್ಕ. ಮೂರು ಕಿಲೋವಾಟ್ ಲೋಡಿನ ಮನೆಗೆ ಎಲ್ಲ ಸೇರಿ ಎರಡು ಸಾವಿರ ರೂಪಾಯಿಗೆ ಹತ್ತಿರ ಹೋಗುತ್ತದೆ. ನಿನ್ನೆಯವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು! "ಕಿಲೋಮೀಟರಿಗೆ ಒಂದೇ ರೂಪಾಯಿ" ಅಂದ ಜಾಹೀರಾತು ನಮ್ಮ ಊರಿನಲ್ಲಿ ಎರಡು ರೂಪಾಯಿಯಾಯಿತು.

ಹಾಗೆಂದು ಗಾಬರಿ ಬೇಡ. ಲೀಟರಿಗೆ ನೂರರ ಮೇಲಿರುವ ಪೆಟ್ರೋಲ್ ಹಾಕಿಸಿ 17 ಕಿ.ಮೀ. ಓಡುವ ಕಾರಿಗೆ ಕಿಲೋಮೀಟರಿಗೆ ಆರು ರೂಪಾಯಿ ಬೀಳುತ್ತದೆ. ಎರಡಾದರೂ ಅದರ ಮೂರನೇ ಒಂದು ಪಾಲು. ಆದರೆ ಮೇಲೆ ಹೇಳಿದ ಒಂದು ಲಕ್ಷದ ಅಂತರ ತುಂಬಲು 20 ತಿಂಗಳ ಬದಲು 25 ತಿಂಗಳು ಹಿಡಿಯುತ್ತದೆ. ವಿಚಿತ್ರವೆಂದರೆ, ತಿಂಗಳಿಗೆ 700 ಕಿ.ಮೀ. ಒಳಗೆ ಓಡಿಸುವವನ ಮನೆ ಈ ಲೆಕ್ಕದಲ್ಲಿ 200ರ ಒಳಗೇ ಉಳಿದು ಗೃಹಜ್ಯೋತಿಯೂ ಉಳಿಯುತ್ತದೆ. ಇನ್ನು ನೂರು ಕಿಲೋಮೀಟರ್ ಹೆಚ್ಚು ಓಡಿಸಿದರೆ ಇಡೀ ಬಿಲ್ಲು ತಲೆಯ ಮೇಲೆ. ಕೊಳ್ಳುವ ಮೊದಲು ಹಳೆಯ ಹನ್ನೆರಡು ತಿಂಗಳ ಬಿಲ್ಲುಗಳನ್ನು ಹುಡುಕಿ ತೆಗೆದು, ನಿಮ್ಮ ಮನೆಗೆ 200ಕ್ಕೆ ಇನ್ನು ಎಷ್ಟು ಯೂನಿಟ್ ಬಾಕಿ ಉಳಿಯುತ್ತದೆಂದು ನೋಡಿ. ಬೇಸಿಗೆಯ ಕೂಲರ್ ತಿಂಗಳುಗಳನ್ನು ಬೇರೆಯಾಗಿ ನೋಡಿ, ಏಪ್ರಿಲ್–ಮೇನಲ್ಲಿ ಗಂಟು ಬೀಳುವುದು ಅಲ್ಲಿಯೇ. ಚಾರ್ಜಿಂಗಿಗೆ ಪ್ರತ್ಯೇಕ ಮೀಟರ್ ಸಿಗುತ್ತದೆಯೇ, ಯಾವ ದರಕ್ಕೆ ಎಂಬುದನ್ನು ಜೆಸ್ಕಾಂ ಉಪವಿಭಾಗದಲ್ಲಿ ಅರ್ಜಿ ಹಾಕಿಯೇ ಕೇಳಿ. ಸಿಕ್ಕರೆ ಮನೆಯ ಮೀಟರ್ ತನ್ನ ಪಾಡಿಗೆ ತಾನಿರುತ್ತದೆ.

ಕಾರಿಗೆ ಸಿಗದ ಸಬ್ಸಿಡಿ ಮನೆಯ ಚಾವಣಿಗೆ ಸಿಗುತ್ತದೆ ಅನ್ನುವುದನ್ನೂ ಇಲ್ಲೇ ಹೇಳಬೇಕು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಸೋಲಾರ್‌ಗೆ ಕೇಂದ್ರ ₹78 ಸಾವಿರ ಕೊಡುತ್ತದೆ. ಸೋಲಾರ್ ಉಪಕರಣಗಳ ಜಿಎಸ್‌ಟಿ ಕೂಡ ಅದೇ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ 5ಕ್ಕೆ ಇಳಿಯಿತು. ನಮ್ಮ ಬಿಸಿಲಿಗೆ ಮೂರು ಕಿಲೋವಾಟ್ ತಿಂಗಳಿಗೆ ಮುನ್ನೂರಕ್ಕೂ ಹೆಚ್ಚು ಯೂನಿಟ್ ಕೊಡಬಲ್ಲದು, ಮನೆ ಮತ್ತು ಕಾರು ಎರಡಕ್ಕೂ ಸಾಕು. ಉಚಿತ ಕರೆಂಟ್ ಇರುವ ಮನೆಗೆ ಸೋಲಾರ್ ಯಾತಕ್ಕೆ ಎಂದು ಇಷ್ಟು ದಿನ ಎಲ್ಲರೂ ಸುಮ್ಮನಿದ್ದರು. ಕಾರು ಬಂದ ಮನೆಯಲ್ಲಿ ಆ ಪ್ರಶ್ನೆ ತಲೆಕೆಳಗಾಗುತ್ತದೆ. ಕೇಂದ್ರದ ಹಣವನ್ನು ಹೀಗೆ ಸುತ್ತುಬಳಸಿ ಕಾರಿನ ಲೆಕ್ಕಕ್ಕೆ ತಂದುಕೊಳ್ಳುವುದು ನನಗೆ ತಿಳಿದ ಮಟ್ಟಿಗೆ ಅತ್ಯಂತ ಜಾಣ ದಾರಿ.

ಉಪ್ಪು, ಇದ್ದಿಲು, ಒಂದು ಕೊಡ ನೀರು

ಕಾರಿನ ಜೊತೆ ಬರುವ ಚಾರ್ಜರನ್ನು 15 ಆಂಪ್ಸ್ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು ಅನ್ನುತ್ತಾರೆ. ಸಿಕ್ಕಿಸಿದಾಗ ಕೆಂಪು ದೀಪ ಹತ್ತಿ ಸುಮ್ಮನೆ ಕೂತರೆ? ಹಳೆಯ ಮನೆಗಳಲ್ಲಿ ಹಾಗಾಗುವುದು ಹೆಚ್ಚು, ಕಾರಣ ಅರ್ಥಿಂಗ್. ಫ್ರಿಜ್ಜು, ಮಿಕ್ಸರ್ ಅರ್ಥಿಂಗ್ ಇಲ್ಲದೆಯೂ ಓಡುತ್ತವೆ. ಕಾರಿನ ಚಾರ್ಜರ್ ಅದನ್ನು ತಾನೇ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಕೆಲಸವೇ ಮಾಡುವುದಿಲ್ಲ. ಅದು ನಮ್ಮ ಒಳ್ಳೆಯದಕ್ಕೇ.

ಹುಮನಾಬಾದಿನಲ್ಲಿ ಬೀಜ–ಗೊಬ್ಬರದ ಅಂಗಡಿ ಇಟ್ಟಿರುವ ಒಬ್ಬರ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಗೇಟಿನ ಪಕ್ಕ ಎಂಟು ಅಡಿ ಆಳದ ಗುಂಡಿ. ಒಂದಿಷ್ಟು ಮಣ್ಣಿನ ಕೆಳಗೆ ಲ್ಯಾಟರೈಟ್ ಕಲ್ಲು, ಕೆಂಪಗೆ, ತೂತುತೂತಾಗಿ. ಬೀದರ್ ಕೋಟೆಯ ಕಂದಕ ಕೊರೆದದ್ದೂ ಇಂಥ ಕಲ್ಲಿನಲ್ಲೇ. ಎಲೆಕ್ಟ್ರಿಷಿಯನ್ ಪೈಪು ಇಳಿಸಿ ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ತುಂಬುತ್ತ ಬಂದ. ಮೇಲೆ ನೀರು ಹೊಯ್ಯಲು ಸಣ್ಣ ಬಾಯಿ ಬಿಟ್ಟ. "ಮಳಿಗಾಲದಾಗ ಏನೂ ಬ್ಯಾಡ್ರಿ. ಬ್ಯಾಸಿಗಿಯೊಳಗ ವಾರಕ್ಕೊಂದು ಕೊಡ ನೀರು ಹಾಕ್ರಿ. ಈ ಕಲ್ಲು ಒಣಗಿತಂದ್ರ ಅರ್ಥ್ ಹಿಡಿಯಂಗಿಲ್ಲ" ಅಂದ. ಆಮೇಲೆ ಮೀಟರಿನಿಂದ ಗೇಟಿನವರೆಗೆ ಬೇರೆ ದಪ್ಪ ವೈರು ಎಳೆದು, ಅದಕ್ಕೇ ಒಂದು ಎಂಸಿಬಿ ಕೂರಿಸಿದ. ಹಳೆಯ ಬೋರ್ಡಿನಿಂದ ವೈರು ಎಳೆಯಬೇಡಿ ಎಂದು ಅವನು ಕಟ್ಟುನಿಟ್ಟಾಗಿ ಹೇಳಿದ್ದ. ಒಂದು ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಎಳೆಯುವುದಕ್ಕೂ ಕಾರು ಎಂಟು–ಹತ್ತು ತಾಸು ಒಂದೇ ಸಮನೆ ಮೂರು ಕಿಲೋವಾಟ್ ಎಳೆಯುವುದಕ್ಕೂ ಬಹಳ ವ್ಯತ್ಯಾಸ.

ಮಂಜೂರಾದ ಲೋಡು ಒಂದೋ ಎರಡೋ ಕಿಲೋವಾಟ್ ಇರುವ ಮನೆಯವರು ಅದನ್ನು ಹೆಚ್ಚಿಸಿಕೊಳ್ಳಬೇಕು. ಅದಕ್ಕೂ ಠೇವಣಿ ಇದೆ, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಇವೆಲ್ಲವನ್ನೂ ಗಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಇನ್ನು ಗಲ್ಲಿಯಲ್ಲಿ ಗಾಡಿ ನಿಲ್ಲಿಸುವ ಮನೆಗಳು, ಬಸವಕಲ್ಯಾಣದ ಹಳೆಯ ಊರಿನಲ್ಲಿ ಅಂಥವೇ ಹೆಚ್ಚು. ಕಿಟಕಿಯಿಂದ ವೈರು ಇಳಿಸಿ ರಾತ್ರಿಯಿಡೀ ರಸ್ತೆಯಲ್ಲಿ ಚಾರ್ಜ್ ಮಾಡುವ ಯೋಚನೆ ಇದ್ದವರಿಗೆ ಒಂದೇ ಮಾತು: ಕಾರು ಕೊಳ್ಳಬೇಡಿ.

ಹೆದ್ದಾರಿ

ಬಸವಕಲ್ಯಾಣಕ್ಕೆ ಗಾಡಿ ಹೊಸದಲ್ಲ. ಸಸ್ತಾಪುರ ಬಂಗ್ಲಾ ಕಡೆ ಹೋದರೆ ಲಾರಿ, ಟಯರು, ಗ್ಯಾರೇಜುಗಳದೇ ಲೋಕ. ಎಂಜಿನ್ನಿನ ಸದ್ದಿನಿಂದಲೇ ಯಾವ ಪಿಸ್ಟನ್ ಕೆಟ್ಟಿದೆ ಎಂದು ಹೇಳುವ ಮಿಸ್ತ್ರಿಗಳು ಅಲ್ಲಿದ್ದಾರೆ. ಎಲೆಕ್ಟ್ರಿಕ್ ಕಾರಿನ ಬಾನೆಟ್ ಎತ್ತಿದರೆ ಅವರಿಗೆ ಮಾಡಲು ಏನೂ ಇರುವುದಿಲ್ಲ. ಆಯಿಲ್ ಇಲ್ಲ, ಪ್ಲಗ್ ಇಲ್ಲ, ಕ್ಲಚ್ ಇಲ್ಲ. ಅದೇ ಅದರ ಲಾಭ. ಅದೇ ಅದರ ತೊಂದರೆ ಕೂಡ. ಕೆಟ್ಟರೆ ಊರ ಮಿಸ್ತ್ರಿ ಕೈ ಹಾಕುವಂತಿಲ್ಲ, ಬೀದರಿಗೋ ಕಲಬುರಗಿಗೋ ಹೈದರಾಬಾದಿಗೋ ಕಂಪನಿಯ ಸರ್ವಿಸಿಗೆ ಹೋಗಬೇಕು. ಹುಮನಾಬಾದಿನಿಂದ ಬೀದರ್ ಸುಮಾರು 50 ಕಿ.ಮೀ., ಕಲಬುರಗಿ 60ರ ಮೇಲೆ. ಬಸವಕಲ್ಯಾಣದಿಂದ ಎರಡೂ ಇನ್ನಷ್ಟು ದೂರ.

ನಿತ್ಯದ ಓಡಾಟಕ್ಕೆ ಈ ದೂರಗಳು ಎಲೆಕ್ಟ್ರಿಕ್ ಕಾರಿಗೆ ಹೇಳಿ ಮಾಡಿಸಿದಂತಿವೆ. ಹುಮನಾಬಾದಿನಿಂದ ಬೀದರಿಗೆ ಹೋಗಿ ಬರುವುದು ನೂರು ಕಿ.ಮೀ. ಕಂಪನಿ 315 ಕಿ.ಮೀ. ಎಂದು ಘೋಷಿಸಿರುವ 24 ಕಿಲೋವಾಟ್ ಅವರ್ ಬ್ಯಾಟರಿಯ ಕಾರು ನಮ್ಮ ರಸ್ತೆಯಲ್ಲಿ, ಎಸಿ ಹಾಕಿಕೊಂಡು, 180ರಿಂದ 200 ಓಡಿದರೆ ಅದು ಸರಿಯಾದ ಲೆಕ್ಕ. ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಹೋದರೆ ಅದೂ ಇಳಿಯುತ್ತದೆ. ಕಷ್ಟ ಬರುವುದು ಹೈದರಾಬಾದಿನ ಪ್ರಶ್ನೆಯಲ್ಲಿ. ಬಸವಕಲ್ಯಾಣದಿಂದ 170 ಕಿ.ಮೀ. ಮೀರಿದ ದೂರ. ಇಲ್ಲಿಯ ಮನೆಗಳು ಕಾರು ಕೊಳ್ಳುವಾಗ ಮದುವೆ, ಜಾತ್ರೆಗಿಂತ ಮೊದಲು ನೆನೆಯುವುದು ರಾತ್ರಿ ಹೊತ್ತಿನ ದವಾಖಾನೆಯನ್ನು. ಹೃದಯದ ನೋವು ಅಂದರೆ ಸೋಲಾಪುರ ಇಲ್ಲವೇ ಹೈದರಾಬಾದ್. ಆ ಹೊತ್ತಿನಲ್ಲಿ ಬ್ಯಾಟರಿ ಶೇ 30 ಇದ್ದರೆ ಏನು ಗತಿ ಎಂದು ಮನೆಯ ಹಿರಿಯರು ಕೇಳುವುದು ಹಳೆಯ ಕಾಲದ ಭಯವಲ್ಲ, ಸರಿಯಾದ ಪ್ರಶ್ನೆ. ಒಂದೇ ಕಾರಿರುವ ಮನೆಗೆ ನಾನು ಸಣ್ಣ ಬ್ಯಾಟರಿಯ ಕಾರನ್ನು ಶಿಫಾರಸು ಮಾಡುವುದಿಲ್ಲ.

ಸಾರ್ವಜನಿಕ ಚಾರ್ಜರ್‌ಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮುಂದೆ ಎಂದು ಹೇಳಿಕೊಳ್ಳುತ್ತೇವೆ. ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರದಲ್ಲೇ ಇವೆ ಅನ್ನುವುದನ್ನು ಮೆಲ್ಲಗೆ ಹೇಳುತ್ತೇವೆ. ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತರ ಆಸುಪಾಸು ಬೀಳುತ್ತದೆ, ಶೇ 18 ಜಿಎಸ್‌ಟಿ ಸೇರಿ. ಅಲ್ಲಿಗೆ ಕಿಲೋಮೀಟರಿಗೆ ಮೂರು ರೂಪಾಯಿ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್. ಪೆಟ್ರೋಲ್ ಬಂಕಿನಲ್ಲಿ ನೂರರ ನೋಟು ಕೊಟ್ಟು ಹೋಗುವ ಸುಖ ಇಲ್ಲಿಲ್ಲ. ಮೊಬೈಲ್ ನೆಟ್‌ವರ್ಕ್ ಹೋದರೆ ಎದುರಿಗೆ ಗನ್ ಇದ್ದೂ ಕರೆಂಟ್ ಇಲ್ಲ. ಹೊರಡುವ ಮೊದಲೇ ದಾರಿಯ ಎರಡು ಚಾರ್ಜರ್‌ಗಳ ಆ್ಯಪ್ ಹಾಕಿಕೊಂಡು, ವ್ಯಾಲೆಟ್ಟಿಗೆ ದುಡ್ಡು ತುಂಬಿಸಿ ಇಟ್ಟುಕೊಳ್ಳಿ.

ಕಾಯಬೇಕೋ, ಕೊಳ್ಳಬೇಕೋ

ಬೆಲೆಯ ಓಟ ನೋಡಿದರೆ ಕಾಯುವವರ ಮಾತಿನಲ್ಲೂ ನ್ಯಾಯವಿದೆ. 2024ರ ಫೆಬ್ರುವರಿಯಲ್ಲಿ ಟಾಟಾ ನೆಕ್ಸಾನ್ ಇವಿಯ ಬೆಲೆ ಗರಿಷ್ಠ ₹1.20 ಲಕ್ಷ ಇಳಿಯಿತು, ಟಿಯಾಗೊ ಇವಿಯ ಬೆಲೆ ₹70 ಸಾವಿರದವರೆಗೆ. ಅದೇ ತಿಂಗಳು ಎಂಜಿ ಕಾಮೆಟ್ ₹6.99 ಲಕ್ಷಕ್ಕೆ ಬಂತು, ಹತ್ತು ತಿಂಗಳ ಹಿಂದೆ ಅದರ ಆರಂಭಿಕ ಬೆಲೆ ₹7.98 ಲಕ್ಷ. ಜನವರಿಯಲ್ಲಿ ಕೊಂಡವರು ಫೆಬ್ರುವರಿಯಲ್ಲಿ ಹೊಟ್ಟೆ ಉರಿದುಕೊಂಡರು. ಹಳೆಯ ಗಾಡಿ ಮಾರುವವರಿಗೂ ಅದೇ ಪೆಟ್ಟು.

ಇಳಿಕೆಗೆ ಮೂಲ ಕಾರಣ ತೆರಿಗೆಯಲ್ಲ, ಬ್ಯಾಟರಿ. ಒಂದು ಕಿಲೋವಾಟ್ ಅವರ್ ಬ್ಯಾಟರಿಗೆ 2010ರಲ್ಲಿ ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿತ್ತು. ಬ್ಲೂಮ್‌ಬರ್ಗ್‌ನ ಸಮೀಕ್ಷೆಯಂತೆ 2024ರಲ್ಲಿ ಜಗತ್ತಿನ ಸರಾಸರಿ 115 ಡಾಲರ್. ಸರ್ಕಾರ ಕೊಟ್ಟದ್ದನ್ನು ಸರ್ಕಾರ ಒಂದು ಅಧಿಸೂಚನೆಯಲ್ಲಿ ಹಿಂದಕ್ಕೆ ಪಡೆಯಬಹುದು. ಕಾರ್ಖಾನೆಯಲ್ಲಿ ಇಳಿದ ಬ್ಯಾಟರಿಯ ಬೆಲೆಯನ್ನು ಯಾವ ಅಧಿಸೂಚನೆಯೂ ಏರಿಸಲಾರದು. ಹಾಗಾಗಿ ಸಬ್ಸಿಡಿ ತಪ್ಪೀತೆಂಬ ಅವಸರದಲ್ಲಿ ಕೊಳ್ಳುವುದು ನನ್ನ ಪ್ರಕಾರ ತಪ್ಪು.

2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಬಂದಾಗ ಹೊಸ ಬಗೆಯ ಲೆಕ್ಕವೊಂದು ಶುರುವಾಯಿತು. ಕಾರಿಗೆ ₹9.99 ಲಕ್ಷ, ಬ್ಯಾಟರಿ ಬಾಡಿಗೆಗೆ, ಕಿಲೋಮೀಟರಿಗೆ ₹3.50. ಬ್ಯಾಟರಿ ಸಮೇತ ಕೊಂಡರೆ ₹13.50 ಲಕ್ಷ. ಕೈಯಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಇಲ್ಲದವರಿಗೆ ಇದು ಚೆನ್ನಾಗಿ ಕಾಣುತ್ತದೆ. ಬಾಡಿಗೆಯ ಮೇಲೆ ಕರೆಂಟಿನ ಖರ್ಚು ಸೇರಿಸಿ: ಐದು ರೂಪಾಯಿಗೆ ಹತ್ತಿರ ಬಂತು. ಪೆಟ್ರೋಲಿಗೂ ಅದಕ್ಕೂ ಉಳಿದ ವ್ಯತ್ಯಾಸ ಒಂದೂಕಾಲು ರೂಪಾಯಿ. ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಬಾಡಿಗೆ ಕಟ್ಟಲೇಬೇಕೆಂಬ ಷರತ್ತು ಸಾಲದ ಕಾಗದದಲ್ಲಿದೆಯೇ ಎಂದು ಕನ್ನಡಕ ಹಾಕಿಕೊಂಡು ಓದಿ. ಊರಲ್ಲಿ ತಿಂಗಳಿಗೆ ನಾನೂರು ಕಿ.ಮೀ. ಓಡಿಸುವವನಿಗೆ ಈ ಬಾಡಿಗೆ ಹೊರೆ.

ಹಾಗಾದರೆ ಯಾರು ಕೊಳ್ಳಬೇಕು? ಹುಮನಾಬಾದಿನ ಗೊಬ್ಬರದ ಅಂಗಡಿಯವರಂಥವರು. ದಿನಾ ಹಳ್ಳಿ ಹಳ್ಳಿ ಸುತ್ತುವ, ವಾರಕ್ಕೆ ಮೂರು ಸಲ ಬೀದರಿಗೋ ಕಲಬುರಗಿಗೋ ಹೋಗುವ, ತಿಂಗಳಿಗೆ ಸಾವಿರದ ಇನ್ನೂರು ಕಿಲೋಮೀಟರ್ ದಾಟುವ, ಗೇಟಿನೊಳಗೆ ಗಾಡಿ ನಿಲ್ಲಿಸುವ ಮಂದಿ. ಅವರಿಗೆ ಪೆಟ್ರೋಲ್ ಕಾರಿನ ಜಿಎಸ್‌ಟಿ ಇಳಿದರೂ, ಗೃಹಜ್ಯೋತಿ ಹೋದರೂ, ಎರಡು ವರ್ಷದೊಳಗೆ ಅಂತರ ತುಂಬುತ್ತದೆ. ನಮ್ಮ ಮೇಷ್ಟ್ರು? ಅವರ ಓಡಾಟ ತಿಂಗಳಿಗೆ ನಾನೂರು ದಾಟದು. ಗೃಹಜ್ಯೋತಿ ಉಳಿದರೂ ಅವರ ಒಂದು ಲಕ್ಷ ತುಂಬಲು ನಾಲ್ಕು ವರ್ಷ ಬೇಕು. "ಹಿಸಾಬ ನೀವು ಹಾಕ್ರಿ, ಸದ್ದಿಲ್ಲದ ಗಾಡಿ ನಾ ಓಡಿಸ್ತೀನಿ" ಎಂದು ನಕ್ಕರು. ಅದೂ ಒಂದು ಕಾರಣವೇ, ಅದಕ್ಕೆ ತೆರಿಗೆ ಇಲ್ಲ. ಆದರೆ ಸಾಲ ಮಾಡಿ ಕೊಳ್ಳುವ, ಕಡಿಮೆ ಓಡಾಡುವ ಸಂಸಾರಕ್ಕೆ ಸೆಪ್ಟೆಂಬರ್ 22ರ ನಂತರದ ಸಣ್ಣ ಪೆಟ್ರೋಲ್ ಕಾರೇ ಸರಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಕೊಳ್ಳುವುದೆಂದು ತೀರ್ಮಾನಿಸಿದವರು ಡಿಸೆಂಬರ್ ಕೊನೆಗೋ ಮಾರ್ಚ್ ಕೊನೆಗೋ ಶೋರೂಮಿಗೆ ಹೋಗಿ, ಹಿಂದಿನ ವರ್ಷ ತಯಾರಾದ ಗಾಡಿ ಇದ್ದರೆ ಚೌಕಾಸಿ ಮಾಡಿ. ಎಲೆಕ್ಟ್ರಿಕ್ ವಾಹನದ ಥರ್ಡ್ ಪಾರ್ಟಿ ವಿಮೆಗೆ ಶೇ 15 ರಿಯಾಯಿತಿ ಇದೆ, ನೋಂದಣಿ ಪತ್ರದ ಶುಲ್ಕಕ್ಕೆ 2021ರ ಆಗಸ್ಟ್‌ನಿಂದ ವಿನಾಯಿತಿ ಇದೆ. ಕೊಟೇಶನ್ನಿನಲ್ಲಿ ಇವೆರಡನ್ನೂ ಬೆರಳಿಟ್ಟು ಕೇಳಿ. ಗಾಡಿಯ ಬೆಲೆ ₹10 ಲಕ್ಷ ದಾಟಿದರೆ ಶೋರೂಮಿನವರು ಶೇ 1ರಷ್ಟು ಆದಾಯ ತೆರಿಗೆ ಹಿಡಿದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮಾ ಮಾಡುತ್ತಾರೆ. ಹದಿಮೂರುವರೆ ಲಕ್ಷದ ಗಾಡಿಗೆ ಅದು ₹13,500. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ರೈತರೂ ರಿಟರ್ನ್ ಸಲ್ಲಿಸಿದರೆ ಅದು ಪೂರ್ತಿ ವಾಪಸು ಬರುತ್ತದೆ. ರಿಟರ್ನ್ ಹಾಕದವರ ಹಣ ಅಲ್ಲೇ ಉಳಿಯುತ್ತದೆ. ಗಾಡಿಯ ಬಿಲ್ಲಿನ ಒಂದು ಪ್ರತಿ ತೆಗೆದಿಟ್ಟು, ಜುಲೈ ಮುಗಿಯುವುದರೊಳಗೆ ತೆರಿಗೆ ಸಲಹೆಗಾರರ ಹತ್ತಿರ ಹೋಗಿ ಬನ್ನಿ.